ಹೈಡ್ರೋಸ್ ಹಾಕದ ಬೆಲ್ಲ: ಬಿ.ಎಸ್ಸಿ ಓದಿ ಗಾಣಕ್ಕೆ ಬಂದ ನನ್ನ ಅನುಭವ

ಹೋದ ಫೆಬ್ರವರಿಯಲ್ಲಿ ಮಹಾಲಿಂಗಪುರದ ಒಬ್ಬ ಅಡತಿ ಸಾವಕಾರರು ನಮ್ಮ ಗಾಣಕ್ಕೆ ಬಂದಿದ್ದರು. 2008ರಲ್ಲಿ ನನ್ನ ಬೆಲ್ಲದ ಪೆಂಟಿ (ಬೆಲ್ಲದ ದೊಡ್ಡ ಮುದ್ದೆ) ನೋಡಿ "ಇದನ್ನ ಒಯ್ದು ದನಕ್ಕ ಹಾಕ್ರಿ" ಅಂದವರು ಇವರೇ. ಈ ಸಲ ಪೆಂಟಿ ಒಡೆಸಿ, ಒಂದು ಚೂರು ಬಾಯಿಗೆ ಹಾಕಿಕೊಂಡು ಸ್ವಲ್ಪ ಹೊತ್ತು ಸುಮ್ನೆ ನಿಂತರು. ಆಮೇಲೆ, "ಇದಕ್ಕ ಹೈಡ್ರೋಸ್ ಹಾಕಿಲ್ಲ ಅಂದ್ರ ಯಾರೂ ನಂಬಂಗಿಲ್ರಿ" ಅಂದರು. ಹೈಡ್ರೋಸ್ ಅಂದರೆ ಬೆಲ್ಲಕ್ಕೆ ಹಳದಿ ಬಣ್ಣ ಬರಲಿ ಅಂತ ಹಾಕುವ, ಗಂಧಕ ಇರುವ ರಾಸಾಯನಿಕ ಪುಡಿ. ನಾನು ಮಾತಾಡಲಿಲ್ಲ. ಸಾಮಾನಿನ ಕೋಣೆಯ ಬಾಗಿಲು ತೆಗೆದು ತೋರಿಸಿದೆ. ಸುಣ್ಣದ ಡಬ್ಬಿ ಇತ್ತು, ಬೆಂಡೆ ಗಿಡದ ಕಟ್ಟು ಇತ್ತು, ಶೇಂಗಾ ಎಣ್ಣೆ ಇತ್ತು. ಇನ್ನೊಂದು ಸಾಮಾನು ಇತ್ತು, ಅದನ್ನು ಚೀಲದಲ್ಲಿ ಮುಚ್ಚಿಟ್ಟಿದ್ದೆ. ಅದೂ ಹೊಲದಲ್ಲಿ ಬೆಳೆಯುವುದೇ. ಬೇರೆ ಏನೂ ಇರಲಿಲ್ಲ.

ಗಾಣ ನಡೆಸುವವರು ಫೋನ್ ಮಾಡಿ "ಹೆಂಗ ಮಾಡ್ತೀರಿ" ಅಂತ ಕೇಳುತ್ತಾರೆ. ಎಲ್ಲರಿಗೂ ಅರ್ಧ ತಾಸು ಹೇಳುವುದು ಆಗುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಗಾಣ ಹೂಡುವುದು, ಒಲೆ ಕಟ್ಟುವುದು, ಆಳು ಜೋಡಿಸುವುದು ನಿಮಗೆ ಗೊತ್ತೇ ಇದೆ. ಅದನ್ನು ಬಿಟ್ಟುಬಿಡುತ್ತೇನೆ. ಆದರೆ ನನ್ನ ಕಾಲೇಜಿನಿಂದ ಶುರು ಮಾಡಬೇಕಾಗುತ್ತದೆ. ಅದಿಲ್ಲದೆ ಈ ಬೆಲ್ಲ ಇಲ್ಲ.

1998ರಲ್ಲಿ ಬಾಗಲಕೋಟೆಗೆ ಬಿ.ಎಸ್ಸಿಗೆ ಸೇರಿದೆ. ಜಿಲ್ಲೆ ಆಗ ಹೊಸದು, ಹಿಂದಿನ ವರ್ಷವಷ್ಟೇ ವಿಜಾಪುರದಿಂದ ಬೇರೆಯಾಗಿತ್ತು. ಕಾಲೇಜು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕೆಳಗೆ. ನಮ್ಮ ಊರು ಮಹಾಲಿಂಗಪುರದ ಹತ್ತಿರ, ಘಟಪ್ರಭಾ ನದಿಯಿಂದ ಮೂರ್ನಾಲ್ಕು ಕಿಲೋಮೀಟರ್. ಮನೆಯಿಂದ ದಿನಾ ಓಡಾಡುವಂತಿರಲಿಲ್ಲ. ಹಳೆ ಬಾಗಲಕೋಟೆಯಲ್ಲಿ ನಾಲ್ಕು ಹುಡುಗರು ಸೇರಿ ಒಂದು ಖೋಲಿ ಹಿಡಿದೆವು.

ಆಗ ಊರು ಖಾಲಿಯಾಗುವ ಕಾಲ. ಆಲಮಟ್ಟಿಯ ಹಿನ್ನೀರು ಬರುತ್ತದೆ ಅಂತ ಕೆಳಗಿನ ಓಣಿಗಳ ಜನ ಒಬ್ಬೊಬ್ಬರಾಗಿ ನವನಗರಕ್ಕೆ ಹೋಗುತ್ತಿದ್ದರು. ನಮ್ಮ ಖೋಲಿಯ ಮಾಲೀಕರು ಒಂದು ಭಾನುವಾರ ತಲಬಾಗಿಲ ಚೌಕಟ್ಟನ್ನೇ ಬಿಚ್ಚಿ ಟ್ರ್ಯಾಕ್ಟರ್‌ಗೆ ಹೇರಿದರು. ಸಾಗವಾನಿ ಚೌಕಟ್ಟು, ಹೊಸ್ತಿಲಿಗೆ ಹಚ್ಚಿದ ಅರಿಶಿಣ ಇನ್ನೂ ಹಾಗೇ ಇತ್ತು. ಅವರ ತಾಯಿ ಪಕ್ಕದ ಕಟ್ಟೆ ಮೇಲೆ ಕೂತು ನೋಡುತ್ತಿದ್ದರು. ಮೂರು ವರ್ಷದಲ್ಲಿ ನಾವು ಮೂರು ಖೋಲಿ ಬದಲಾಯಿಸಿದೆವು. ಆ ಊರಿನ ಹೋಳಿ ಹುಣ್ಣಿಮೆ, ಬಣ್ಣದ ಬಂಡಿ, ಹಲಗೆ ಸಪ್ಪಳ ಎಲ್ಲ ಬೇರೆ ಕಡೆ ಸಿಗುವಂಥದಲ್ಲ. ಅದನ್ನು ಬರೆಯಲು ಕೂತರೆ ಬೆಲ್ಲದ ಮಾತು ಹಿಂದೆ ಬೀಳುತ್ತದೆ.

ಓದಿನಲ್ಲಿ ನಾನು ಮುಂದೆ ಇರಲಿಲ್ಲ. ಗಣಿತ ತಲೆಗೆ ಹತ್ತಲಿಲ್ಲ, ಭೌತಶಾಸ್ತ್ರ ಹೇಗೋ ಪಾಸು. ಕೆಮಿಸ್ಟ್ರಿ ಲ್ಯಾಬ್ ಮಾತ್ರ ಬಹಳ ಸೇರುತ್ತಿತ್ತು. ಬ್ಯುರೆಟ್‌ನ ಕೀಲಿ ತಿರುವಿ ಹನಿ ಹನಿ ಬಿಡುವುದು, ಒಂದು ಹನಿಗೆ ಬಣ್ಣ ತಿರುಗುವುದು, ಈ ಟೈಟ್ರೇಷನ್ ಎಷ್ಟು ಸಲ ಮಾಡಿದರೂ ಬೇಸರ ಆಗುತ್ತಿರಲಿಲ್ಲ. ನಮ್ಮ ಸರ್ ಹಿಂದೆ ಬಂದು ನಿಂತು, "ಕಣ್ಣಿಗೆ ಕಂಡದ್ದನ್ನ ಬರಿ ತಮ್ಮಾ, ಪುಸ್ತಕದಾಗ ಇದ್ದದ್ದನ್ನಲ್ಲ" ಅನ್ನುತ್ತಿದ್ದರು. ಕೊನೆಯ ವರ್ಷ ಆರ್ಗ್ಯಾನಿಕ್ ಪ್ರಾಕ್ಟಿಕಲ್‌ನಲ್ಲಿ ಫಿನಾಲ್ ಟೆಸ್ಟ್ ಬಂತು. ಫಿನಾಲ್ ಇದ್ದ ನೀರಿಗೆ ಫೆರಿಕ್ ಕ್ಲೋರೈಡ್, ಅಂದರೆ ಕಬ್ಬಿಣದ ಒಂದು ಲವಣ, ಎರಡು ಹನಿ. ಬದನೆಕಾಯಿ ಸಿಪ್ಪೆಯಂಥ ಗಾಢ ನೇರಳೆ ಬಣ್ಣ ಝಗ್ಗನೆ ಎದ್ದಿತು. ಜರ್ನಲ್‌ನಲ್ಲಿ ಬರೆದುಕೊಂಡೆ, ಸರ್ ಸಹಿ ಹಾಕಿದರು. ಅದು ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ.

2001ರಲ್ಲಿ ಶೇಕಡಾ 57ರ ಹತ್ತಿರ ಆಯಿತು. ಧಾರವಾಡದಲ್ಲಿ ಎಂ.ಎಸ್ಸಿ ಕೆಮಿಸ್ಟ್ರಿ ಮಾಡಿ ಕಾಲೇಜಿನಲ್ಲಿ ಕಲಿಸಬೇಕು ಅಂತ ಆಸೆ ಇತ್ತು. ಸೀಟು ಸಿಗಲಿಲ್ಲ. ಗೋವಾದಲ್ಲಿ ಒಂದು ಔಷಧಿ ಕಂಪನಿಯಲ್ಲಿ ತಿಂಗಳಿಗೆ 2,200 ರೂಪಾಯಿಗೆ ಸೇರಿದೆ. ಅಲ್ಲಿ ಎಂಟು ತಿಂಗಳು ಬಾಟಲಿ ಎಣಿಸಿದೆ. ಒಂದು ಟೈಟ್ರೇಷನ್ ಮಾಡಲಿಲ್ಲ.

2002ರ ದೀಪಾವಳಿ ಮುಂದೆ ಅಪ್ಪ ಬಂಡಿಯಿಂದ ಬಿದ್ದು ಕೈ ಮುರಿದುಕೊಂಡರು. ಕಬ್ಬು ಕಟಾವಿಗೆ ಬಂದಿತ್ತು, ಗಾಣಕ್ಕೆ ಆಳು ಹೇಳಿಯಾಗಿತ್ತು. "ಮೂರು ತಿಂಗಳು ಬಂದು ನಿಂತ್ಕೊ ಸಾಕು" ಅಂತ ಅವ್ವ ಎಸ್‌ಟಿಡಿ ಬೂತ್‌ನಿಂದ ಫೋನ್ ಮಾಡಿದಳು. ಬಂದೆ. ಆ ಮೂರು ತಿಂಗಳು ಇನ್ನೂ ಮುಗಿದಿಲ್ಲ.

ನಾನು ಬಂದ ವೇಳೆ ಸರಿ ಇರಲಿಲ್ಲ. ಬರಗಾಲ, ಅದರ ಮೇಲೆ ಕಬ್ಬಿಗೆ ಬಿಳಿ ಉಣ್ಣೆ ಹೇನು. ಎಲೆ ತುಂಬ ಹೇನಿನ ಅಂಟು, ಕೆಳಗಿನ ಎಲೆ ಎಲ್ಲ ಕಪ್ಪು. ಅಂಥ ಕಬ್ಬಿನ ಹಾಲು ಕಾಸಿದರೆ ಬೆಲ್ಲ ಕೂಡುವುದೇ ಕಷ್ಟ. ಮೊದಲ ಎರಡು ಸೀಜನ್ ಸೇರಿ ಅರವತ್ತು ಸಾವಿರ ಸಾಲ ಆಯಿತು. ಊರಲ್ಲಿ ಕಾಕಾ, ಮಾವ ಸೇರಿ ಎಲ್ಲರದೂ ಒಂದೇ ಮಾತು, "ಬಿ.ಎಸ್ಸಿ ಓದಿ ಗಾಣದ ಮುಂದ ನಿಂತಾನ." ಆಗ ಬಹಳ ನೋವಾಗುತ್ತಿತ್ತು. ಎದ್ದು ಹೋಗಿ ಕಡಾಯಿ ತೊಳೆಯುತ್ತಿದ್ದೆ.

ಎಲ್ಲರ ಹಾಗೆ ನಾವೂ ಹೈಡ್ರೋಸ್ ಹಾಕುತ್ತಿದ್ದೆವು. ಹಾಕದಿದ್ದರೆ ಬೆಲ್ಲ ಹಳದಿ ಆಗುವುದಿಲ್ಲ, ಹಳದಿ ಆಗದಿದ್ದರೆ ಹರಾಜಿನಲ್ಲಿ ರೇಟು ಇಲ್ಲ. ಇದು ನಿಮಗೂ ಗೊತ್ತು. ಆದರೆ ಸೀಜನ್‌ಗೆ ಒಂದು ದಿನ ಅವ್ವ ಬಂದು ಅಪ್ಪನಿಗೆ ಹೇಳುತ್ತಿದ್ದಳು, "ನಾಳೆ ಮುಂಜಾನೆ ಕಡಾಯಿ ಮನೀದು." ಆ ಒಂದು ಕಡಾಯಿಗೆ ಯಾರೂ ಹೈಡ್ರೋಸ್ ಮುಟ್ಟುತ್ತಿರಲಿಲ್ಲ. ಆ ಬೆಲ್ಲ ಕಂದು, ಮೆತ್ತಗೆ, ಆದರೆ ವರ್ಷಪೂರ್ತಿ ನಾವು ತಿನ್ನುತ್ತಿದ್ದದ್ದು ಅದೇ. ಪಂಚಮಿ ಉಂಡಿ, ಶೇಂಗಾ ಹೋಳಿಗೆ, ಬಾಣಂತಿಯ ಅಂಟಿನ ಉಂಡಿ ಎಲ್ಲಾ ಅದರದೇ. ಚಿಕ್ಕಂದಿನಿಂದ ನೋಡಿದ್ದೆ, ಏನೂ ಅನಿಸಿರಲಿಲ್ಲ. 2006ರಲ್ಲಿ ನನ್ನ ಮಗಳು ಹುಟ್ಟಿದಳು. ಅವಳ ಹೆಸರಿಡುವ ದಿನ ಹಂಚಲು ಅವ್ವ ಮನೆಯ ಬೆಲ್ಲವನ್ನೇ ತೆಗೆದಳು, ಹೊರಗಿನ ಕೋಣೆಯ ಹಳದಿ ಪೆಂಟಿಗಳನ್ನು ಮುಟ್ಟಲಿಲ್ಲ. ನಮ್ಮ ಮಗುವಿಗೆ ಒಂದು ಬೆಲ್ಲ, ಬೇರೆಯವರ ಮಕ್ಕಳಿಗೆ ಇನ್ನೊಂದು. ಆ ರಾತ್ರಿ ನಿದ್ದೆ ಬರಲಿಲ್ಲ. ಮುಂದಿನ ಸೀಜನ್‌ನಿಂದ ಹೈಡ್ರೋಸ್ ನಿಲ್ಲಿಸುತ್ತೇನೆ ಅಂತ ಅಪ್ಪನಿಗೆ ಹೇಳಿದೆ. ಅಪ್ಪ ಬೇಡ ಅನ್ನಲಿಲ್ಲ. "ಎರಡು ವರ್ಷ ತಡ್ಕೋತೀನಿ, ಆಮ್ಯಾಲ ನನ್ನ ಮಾತು ಕೇಳಬೇಕು" ಅಂದರು. ನನಗೆ ನಾಲ್ಕು ವರ್ಷ ಬೇಕಾಯಿತು.

ಮೊದಲ ವರ್ಷ ಬರೀ ಸುಣ್ಣ ನಂಬಿದೆ. ಸುಣ್ಣ ಜಾಸ್ತಿ ಹಾಕಿದಷ್ಟೂ ಕೊಳೆ ಜಾಸ್ತಿ ಮೇಲೆ ಬರುತ್ತದೆ, ಹಾಲು ತಿಳಿ ಆಗುತ್ತದೆ ಅನ್ನುವುದು ಲೆಕ್ಕ. ಹಾಲು ತಿಳಿ ಆಯಿತು, ಬೆಲ್ಲ ಕಪ್ಪಾಯಿತು. ಅಷ್ಟೇ ಅಲ್ಲ, ಗಾಳಿಯ ತೇವ ಎಳೆದು ಪೆಂಟಿಗಳು ಬೆವರಿದವು. ಆ ಸಾವಕಾರರು ದನಕ್ಕೆ ಹಾಕಿ ಅಂದದ್ದು ಇದೇ ಬೆಲ್ಲಕ್ಕೆ. ಕ್ವಿಂಟಲಿಗೆ ನಾಲ್ಕುನೂರು ಕಡಿಮೆಗೆ ಕೊಟ್ಟೆ. ಒಟ್ಟು ನಲವತ್ತು ಸಾವಿರದ ಮೇಲೆ ಹೋಯಿತು.

ಎರಡನೇ ವರ್ಷ ಬೆಂಡೆ. ನಮ್ಮ ಮುತ್ಯಾನ ಕಾಲದಲ್ಲಿ ಬೆಂಡೆ ಗಿಡ ಜಜ್ಜಿ ಹಾಕುತ್ತಿದ್ದರು ಅಂತ ಕೇಳಿದ್ದೆ, ಎಷ್ಟು ಅಂತ ಹೇಳುವವರು ಯಾರೂ ಉಳಿದಿರಲಿಲ್ಲ. ಕುದಿಯುವ ಹಾಲಿಗೆ ಲೋಳೆ ಸುರಿದೆ. ಅದು ಗಂಟು ಕಟ್ಟಿತು, ಜರಡಿ ಹಿಡಿಯುವುದರೊಳಗೆ ಒಡೆದು ಹಾಲಲ್ಲೇ ಸೇರಿಕೊಂಡಿತು. ಮರುದಿನ ಬಿಸಿ ಕಡಿಮೆ ಇದ್ದಾಗ ಹಾಕಿದೆ, ಆದರೆ ಬಹಳ ಹಾಕಿದೆ. ಬೆಲ್ಲ ಅಚ್ಚಿನಲ್ಲಿ ಕೂಡಲೇ ಇಲ್ಲ, ಬೆಳಿಗ್ಗೆ ಅಚ್ಚು ಎತ್ತಿದರೆ ಸಗಣಿಯ ಹಾಗೆ ಹರಡಿತು. ಎರಡು ಕಡಾಯಿ ಹಾಳು.

ಮೂರನೇ ವರ್ಷ ಸುಣ್ಣ ಬೆಂಡೆ ಎರಡೂ ಒಂದು ಅಂದಾಜಿಗೆ ಬಂದವು. ಕಡಾಯಿಯಿಂದ ಇಳಿಸುವಾಗ ಬಣ್ಣ ನೋಡಿ ಕುಣಿಯಬೇಕು ಅನಿಸುತ್ತಿತ್ತು, ಅಷ್ಟು ಚೆಂದ. ಎಂಟು ದಿನಕ್ಕೆ ಅದೇ ಪೆಂಟಿ ಬೂದಿ ಬಣ್ಣಕ್ಕೆ ತಿರುಗುತ್ತಿತ್ತು. ಇದು ಯಾಕೆ ಅಂತ ತಿಳಿಯಲಿಲ್ಲ. ಕಬ್ಬು ಬದಲಾಯಿಸಿದೆ, ಬಾವಿ ನೀರು ಬಿಟ್ಟು ಕಾಲುವೆ ನೀರು ಬಳಸಿದೆ, ಅಚ್ಚಿನ ಬಟ್ಟೆ ಬದಲಾಯಿಸಿದೆ. ಎಲ್ಲಾ ಸುಳ್ಳಾಯಿತು.

ಜನವರಿಯ ಒಂದು ರಾತ್ರಿ, ಥ್ರೀ ಫೇಸ್ ಕರೆಂಟ್ ಹನ್ನೆರಡಕ್ಕೆ ಬರುತ್ತಿತ್ತು, ಅದಕ್ಕೆ ಕಾದು ಕೂತಿದ್ದೆವು. ಚಳಿ. ಸಂಜೆ ಹಿಂಡಿದ ಕಬ್ಬಿನ ಹಾಲು ಒಂದು ಸ್ಟೀಲ್ ತಂಬಿಗೆಯಲ್ಲಿ ಉಳಿದಿತ್ತು, ಕುಡಿಯಲು ತೆಗೆದಿಟ್ಟದ್ದು. ಅದೇ ಹಾಲು ಸ್ವಲ್ಪ ಕಬ್ಬಿಣದ ಕಡಾಯಿಯ ಅಂಚಿಗೆ ಸಿಡಿದು ನಿಂತಿತ್ತು. ಬ್ಯಾಟರಿ ಬೆಳಕು ಬಿಟ್ಟೆ. ತಂಬಿಗೆಯ ಹಾಲು ಹಸಿರು ಕಂದು. ಕಡಾಯಿ ಅಂಚಿನ ಹಾಲು ಶಾಯಿಯ ಹಾಗೆ ಕಪ್ಪು, ಅಂಚಿನಲ್ಲಿ ಒಂಚೂರು ನೇರಳೆ ಛಾಯೆ. ನಾನು ಕೂತಲ್ಲೇ ಎದ್ದು ನಿಂತೆ. ಆ ಬಣ್ಣ ನನಗೆ ಗೊತ್ತಿತ್ತು. ಕಬ್ಬಿನ ಹಾಲಿನಲ್ಲಿ ಫಿನಾಲ್ ಜಾತಿಯ ವಸ್ತುಗಳು ಇರುತ್ತವೆ. ಅವಕ್ಕೆ ಕಬ್ಬಿಣ ಸಿಕ್ಕರೆ ಸಾಕು, ಬಣ್ಣ ಏಳುತ್ತದೆ. ಹೈಡ್ರೋಸ್ ಹಾಕುತ್ತಿದ್ದಾಗ ಅದು ಈ ಬಣ್ಣವನ್ನು ತಾತ್ಕಾಲಿಕವಾಗಿ ಮರೆಸುತ್ತಿತ್ತು, ಅಷ್ಟೇ. ಹತ್ತು ವರ್ಷದ ಹಿಂದಿನ ಟೆಸ್ಟ್ ಟ್ಯೂಬ್ ನಮ್ಮ ಗಾಣದಲ್ಲಿ ಎಂಟೂವರೆ ಅಡಿ ಅಗಲ ಆಗಿ ಕೂತಿತ್ತು.

ಬೆಳಿಗ್ಗೆ ಒಂದೇ ಕಬ್ಬಿನ ಹಾಲು ಎರಡು ಪಾತೇಲಿಯಲ್ಲಿ ಕಾಸಿದೆ, ಒಂದು ಸ್ಟೀಲು, ಒಂದು ಕಬ್ಬಿಣ. ಹದಿನೈದು ದಿನ ಕಿಟಕಿಯಲ್ಲಿ ಇಟ್ಟೆ. ಸ್ಟೀಲಿನ ಬೆಲ್ಲ ಜೇನಿನ ಬಣ್ಣದಲ್ಲೇ ಇತ್ತು. ಇನ್ನೊಂದು ಕಪ್ಪಾಯಿತು. ಅಪ್ಪನಿಗೆ ತೋರಿಸಿದೆ. ಅವರು ಎರಡನ್ನೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿ, "ಕಡಾಯಿಗೆ ಎಷ್ಟ ಆಗತೈತಿ?" ಅಂತ ಮಾತ್ರ ಕೇಳಿದರು.

ಸ್ಟೀಲ್ ಕಡಾಯಿಗೆ ಒಂದು ಲಕ್ಷದ ಹತ್ತಿರ ಆಯಿತು. 2010ರಲ್ಲಿ ಅದು ದೊಡ್ಡ ದುಡ್ಡು. ಹೆಂಡತಿ ತನ್ನ ಕೈಯ ಪಾಟ್ಲಿ ಬಿಲ್ವಾರ (ಬಂಗಾರದ ಬಳೆ) ತೆಗೆದು ಕೊಟ್ಟಳು, ಸೊಸೈಟಿಯಲ್ಲಿ ಅಡವಿಟ್ಟೆವು. ಕಡಾಯಿ ಮಾಡಿದವರು ತಗಡು ತೆಳ್ಳಗೆ ಹಾಕಿದ್ದರು. ನಾಲ್ಕನೇ ದಿನಕ್ಕೆ ತಳ ಉಬ್ಬಿತು, ಉಬ್ಬಿದ ಕಡೆ ಪಾಕ ಸೀದಿತು. ಮತ್ತೆ ಇಪ್ಪತ್ತೆಂಟು ಸಾವಿರ ಕೊಟ್ಟು ದಪ್ಪ ತಳ ಹಾಕಿಸಿದೆ. ನೀವು ಮಾಡಿಸುವುದಿದ್ದರೆ ತಳದ ದಪ್ಪಕ್ಕೆ ದುಡ್ಡು ಉಳಿಸಬೇಡಿ. ಇನ್ನೊಂದು ಮಾತು, ಸ್ಟೀಲಿಗೆ ಕಾವು ಹತ್ತುವುದು ತಡ. ಒಲೆಯ ಬಾಯಿ ಹಾಗೇ ಇಟ್ಟರೆ ಒಂದು ಕಡಾಯಿಗೆ ಮೊದಲಿಗಿಂತ ಮುಕ್ಕಾಲು ತಾಸು ಜಾಸ್ತಿ ಹಿಡಿಯುತ್ತದೆ, ಸಿಪ್ಪೆ ಸಾಲುವುದಿಲ್ಲ, ಕಬ್ಬಿನ ಒಣ ಎಲೆ, ರವದಿಯನ್ನೂ ಹಾಕಬೇಕಾಗುತ್ತದೆ. ನಾನು ಒಲೆಯೊಳಗೆ ಉರಿ ಹರಡುವ ಹಾಗೆ ಇಟ್ಟಿಗೆಯ ಸಾಲು ಬದಲಾಯಿಸಿದ್ದೇನೆ. ಅದನ್ನು ಬಂದು ನೋಡಬೇಕು, ಬರೆದರೆ ತಿಳಿಯುವುದಿಲ್ಲ.

ಕಡಾಯಿ ಬದಲಾದರೂ ಅರ್ಧ ಸಮಸ್ಯೆ ಉಳಿದಿತ್ತು. ಗಾಣದ ರೋಲರ್‌ಗಳೂ ಕಬ್ಬಿಣದವೇ ಅಲ್ವಾ? ರಾತ್ರಿ ನಿಂತ ರೋಲರ್ ಮೇಲೆ ಬೆಳಿಗ್ಗೆ ತುಕ್ಕಿನ ಪದರ ಇರುತ್ತದೆ. ಈಗ ನಿಲ್ಲಿಸುವಾಗ ರೋಲರ್‌ಗಳನ್ನು ಸುಣ್ಣದ ನೀರಿನಲ್ಲಿ ತೊಳೆದು ಬಿಡುತ್ತೇವೆ. ಬೆಳಿಗ್ಗೆ ಮೊದಲ ಎರಡು ಕೊಡ ಹಾಲು ಎಮ್ಮೆಗಳಿಗೆ. ಇಷ್ಟು ಸಣ್ಣ ಕೆಲಸಕ್ಕೆ ಬಣ್ಣದಲ್ಲಿ ಎಷ್ಟು ಫರಕು ಬರುತ್ತದೆ ಅಂತ ಮಾಡಿ ನೋಡಿದವರಿಗೇ ಗೊತ್ತು.

ಈಗ ಸುಣ್ಣದ ಮಾತು. ಎಲ್ಲರೂ ಕೇಳುವುದು "ಕಡಾಯಿಗೆ ಎಷ್ಟು ಗ್ರಾಂ?" ಅಂತ. ಅದಕ್ಕೆ ಒಂದೇ ಉತ್ತರ ಇಲ್ಲ. ಹೊಳೆ ದಂಡೆಯ ಸವಳು ಭೂಮಿಯ ಕಬ್ಬಿಗೆ ಒಂದು, ಮಡ್ಡಿ ಹೊಲದ ಕಬ್ಬಿಗೆ ಇನ್ನೊಂದು. 86032 ತಳಿಯ ಕಬ್ಬಿಗೆ ಒಂದು, 265 ತಳಿಗೆ ಇನ್ನೊಂದು. ಕಡಿದು ಎರಡು ದಿನ ಬಿದ್ದ ಕಬ್ಬಿಗೆ ಮತ್ತೆ ಬೇರೆ. ಅದಕ್ಕೇ ನಾನು ದಿನಾಲೂ ಟೈಟ್ರೇಷನ್ ಮಾಡುತ್ತೇನೆ. ಹತ್ತು ಗ್ರಾಂ ಸುಣ್ಣ ಒಂದು ಲೀಟರ್ ನೀರಿನಲ್ಲಿ ಕಲಸಿ ಬಾಟಲಿಯಲ್ಲಿ ಇಟ್ಟಿರುತ್ತೇನೆ, ಪ್ರತಿ ಸಲ ಚೆನ್ನಾಗಿ ಅಲ್ಲಾಡಿಸಬೇಕು. ಒಂದು ಲೀಟರ್ ಹೊಸ ಹಾಲು ಸ್ಟೀಲ್ ಜಗ್‌ನಲ್ಲಿ ತೆಗೆದುಕೊಂಡು, ಸೂಜಿ ತೆಗೆದ ಸಿರಿಂಜಿನಿಂದ ಸುಣ್ಣದ ನೀರು ಒಂದೊಂದು ಎಂಎಲ್ ಹಾಕುತ್ತಾ ಪಿಎಚ್ ನೋಡುತ್ತೇನೆ. ಪಿಎಚ್ ಅಂದರೆ ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ. ಹಿಂಡಿದ ಹಾಲು 5.2ರ ಆಸುಪಾಸು ಇರುತ್ತದೆ. 6.2ರಿಂದ 6.4ಕ್ಕೆ ಬಂದಾಗ ನಿಲ್ಲಿಸುತ್ತೇನೆ. ಹನ್ನೆರಡು ಎಂಎಲ್ ಆಯಿತು ಅಂದರೆ ಸಾವಿರ ಲೀಟರ್ ಕಡಾಯಿಗೆ ನೂರಾ ಇಪ್ಪತ್ತು ಗ್ರಾಂ ಸುಣ್ಣ. ಎಂಎಲ್‌ನ ಹತ್ತು ಪಟ್ಟು ಗ್ರಾಂ, ಲೆಕ್ಕ ಬಾಯಲ್ಲೇ ಆಗುತ್ತದೆ. ನನಗೆ ಸಾಮಾನ್ಯವಾಗಿ ನೂರರಿಂದ ನೂರೈವತ್ತರ ನಡುವೆ ಬರುತ್ತದೆ. ಮೊದಲು ಪಿಎಚ್ ಕಾಗದ ಬಳಸುತ್ತಿದ್ದೆ, ಈಗ ಒಂಬೈನೂರು ರೂಪಾಯಿಯ ಪೆನ್ ಮೀಟರ್ ಇದೆ. ಏಳು ದಾಟಿಸಬೇಡಿ. ದಾಟಿದರೆ ನನ್ನ ಮೊದಲ ವರ್ಷದ ಬೆಲ್ಲ ನಿಮಗೆ ಸಿಗುತ್ತದೆ.

ಬೆಂಡೆ ಲೋಳೆ ಹಾಲು ಬೆಚ್ಚಗಾಗಿ ಕೈ ಇಡಲು ಆಗದಷ್ಟು ಬಂದಾಗ ಹಾಕಬೇಕು, ಕುದಿ ಬರುವುದಕ್ಕೆ ಬಹಳ ಮೊದಲೇ. ಉರಿ ಸಣ್ಣದಿರಬೇಕು. ಹತ್ತು ನಿಮಿಷದಲ್ಲಿ ಕೊಳೆ ಕಂಬಳಿಯ ಹಾಗೆ ದಪ್ಪಗೆ ಮೇಲೆ ಬರುತ್ತದೆ, ಅಂಚಿನಲ್ಲಿ ಸೀಳು ಬಿಡುತ್ತದೆ. ಆಗಲೇ ಎತ್ತಬೇಕು. ಒಂದು ಕುದಿ ಬಂದರೆ ಮುಗಿಯಿತು, ಕಂಬಳಿ ಹರಿದು ಹಾಲಲ್ಲಿ ಸೇರಿಬಿಡುತ್ತದೆ. ಒಲೆಗೆ ಸಿಪ್ಪೆ ಹಾಕುವವನಿಗೆ ಇದನ್ನು ತಿಳಿಸುವುದಕ್ಕೇ ನನಗೆ ಒಂದು ಸೀಜನ್ ಹೋಯಿತು. ಅವನ ಕೈ ಸುಮ್ಮನೆ ಇರುವುದಿಲ್ಲ, ಉರಿ ತಗ್ಗಿದರೆ ತನ್ನ ತಪ್ಪು ಅಂದುಕೊಳ್ಳುತ್ತಾನೆ. ಒಂದು ಕಡಾಯಿಗೆ ಎಂಟು ಹತ್ತು ಲೀಟರ್ ಲೋಳೆ ನೀರು ಬೇಕು. ಗಿಡ ಎಷ್ಟು ದಿನದ್ದಿರಬೇಕು, ಯಾವ ಭಾಗ ಜಜ್ಜಬೇಕು, ಚೀಲದಲ್ಲಿ ಮುಚ್ಚಿಟ್ಟ ಆ ಇನ್ನೊಂದು ಸಾಮಾನು ಏನು, ಇವು ಮೂರನ್ನು ನಾನು ಹೇಳುವುದಿಲ್ಲ. ಬಿಲ್ವಾರ ಅಡವಿಟ್ಟು ಕಲಿತದ್ದು.

ಪಾಕದ ವಿಷಯದಲ್ಲಿ ನನ್ನದೂ ನಮ್ಮ ಪಾಕ ನೋಡುವ ಕಾಕಾನದೂ ಮೂರು ವರ್ಷ ತಕರಾರು. ಅವರಿಗೆ ಆಗ ಅರವತ್ತು ದಾಟಿತ್ತು. ಒಂದು ಹನಿ ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಮಾಡಿ ಕಡಾಯಿಯ ಕಂಠಕ್ಕೆ ಹೊಡೆದು ಸಪ್ಪಳ ಕೇಳುತ್ತಾರೆ. ನಾನು ಥರ್ಮಾಮೀಟರ್ ತಂದೆ, 118 ಡಿಗ್ರಿಗೆ ಇಳಿಸಬೇಕು ಅಂದೆ. "ಗಾಜಿನ ಕಡ್ಡಿ ಏನ ಹೇಳತೈತಿ ಧಣ್ಯಾರ, ಪಾಕ ತಾನ ಹೇಳತೈತಿ" ಅಂದರು. ಸರಿ ಅಂತ ಹತ್ತು ದಿನ ಅವರು "ಇಳಸ್ರಿ" ಅಂದ ಕ್ಷಣಕ್ಕೆ ಓದು ಬರೆದುಕೊಂಡೆ. 117, 118, 118, 119, ಹೀಗೇ ಇತ್ತು. ಒಂದು ಸಲ ಮಾತ್ರ 116ಕ್ಕೇ ಕೂಗಿದರು. ಆ ಬೆಲ್ಲ ಮೆತ್ತಗೆ ಆಗುತ್ತದೆ ಅಂತ ನಾನು ಕಾಯುತ್ತಿದ್ದೆ. ಗಟ್ಟಿಯಾಗೇ ಕೂತಿತು. ಅವತ್ತಿನ ಕಬ್ಬು ಬಹಳ ಮಾಗಿತ್ತು, ಅವರಿಗೆ ಅದು ಬೆರಳಿಗೆ ತಿಳಿದಿತ್ತು. ಅಂದಿನಿಂದ ಥರ್ಮಾಮೀಟರ್ ನನಗೆ, ಕೊನೆಯ ಮಾತು ಅವರಿಗೆ. ಈಗ ಅವರ ಮಗ ಎರಡನ್ನೂ ನೋಡುತ್ತಾನೆ.

ಬೆಲ್ಲ ಆಯಿತು, ಆದರೆ ಮಾರುವುದು? ಹರಾಜಿನಲ್ಲಿ ಹೈಡ್ರೋಸ್ ಬೆಲ್ಲದ ಬೆಳ್ಳಗಿನ ಹಳದಿಯ ಪಕ್ಕ ನನ್ನದು ಇನ್ನೂ ಒಂದು ಮಟ್ಟ ಕೆಂಪೇ. ರೇಟು ಏಳಲಿಲ್ಲ. ನಾಲ್ಕನೇ ವರ್ಷ, ಅಪ್ಪ ಕೊಟ್ಟ ಗಡುವು ಮುಗಿದು ಎರಡು ವರ್ಷ ಆಗಿತ್ತು, ಹತ್ತು ಪೆಂಟಿ ಕಾರಿಗೆ ಹಾಕಿಕೊಂಡು ಬಾಗಲಕೋಟೆಯ ನವನಗರಕ್ಕೆ ಹೋದೆ. ಅಲ್ಲಿ ಮನೆಯಲ್ಲೇ ರೊಟ್ಟಿ, ಶೇಂಗಾ ಹೋಳಿಗೆ, ಉಂಡಿ ಮಾಡಿ ಮಾರುವ ಅಕ್ಕಂದಿರಿದ್ದರು. ಒಬ್ಬ ಅಕ್ಕನ ಒಲೆ ಮೇಲೆ ಎಮ್ಮೆ ಹಾಲು ಕುದಿಯುತ್ತಿತ್ತು. "ಒಂದು ಹೋಳು ಹಾಕ್ರಿ ಅಕ್ಕಾರ" ಅಂದೆ. "ಹಾಲು ಒಡದ್ರ ನೀವ ರೊಕ್ಕ ಕೊಡಬೇಕ ನೋಡ್ರಿ" ಅಂತ ಹಾಕಿದರು. ಹುಳಿ ಇರುವ ಬೆಲ್ಲಕ್ಕೆ ಹಾಲು ಒಡೆಯುತ್ತದೆ. 6.3ಕ್ಕೆ ತಂದ ಬೆಲ್ಲಕ್ಕೆ ಒಡೆಯಲಿಲ್ಲ. ಅವರು ಸೌಟು ಎತ್ತಿ ಎತ್ತಿ ನೋಡಿದರು. ಅವತ್ತು ಹತ್ತು ಪೆಂಟಿಯೂ ಅದೇ ಓಣಿಯಲ್ಲಿ ಹೋದವು, ಹರಾಜಿಗಿಂತ ಕಿಲೋಗೆ ಎಂಟು ರೂಪಾಯಿ ಜಾಸ್ತಿಗೆ. ಇಂದಿಗೂ ಆ ಅಕ್ಕ ವರ್ಷಕ್ಕೆ ಆರೇಳು ಕ್ವಿಂಟಲ್ ಒಯ್ಯುತ್ತಾರೆ. ಪಂಚಮಿ ಹತ್ತಿರ ಬಂದರೆ ಅವರ ಫೋನ್ ಮೊದಲು.

ಅಲ್ಲಿಂದ ಸೊಲ್ಲಾಪುರ, ಹುಬ್ಬಳ್ಳಿ, ಪುಣೆ ಅಂತ ಬಾಯಿಂದ ಬಾಯಿಗೆ ಹೋಯಿತು. ಫುಡ್ ಲೈಸೆನ್ಸ್ ಮಾಡಿಸಿದೆ, ಲ್ಯಾಬ್‌ಗೆ ಕಳಿಸಿದೆ. ಹೈಡ್ರೋಸ್ ಹಾಕಿದರೆ ಬೆಲ್ಲದಲ್ಲಿ ಸಲ್ಫರ್ ಡೈಆಕ್ಸೈಡ್ ಉಳಿಯುತ್ತದೆ, ಅದು 70 ಪಿಪಿಎಂ (ಹತ್ತು ಲಕ್ಷಕ್ಕೆ 70 ಪಾಲು) ದಾಟಬಾರದು ಅಂತ ನಿಯಮ. ನಮ್ಮದರಲ್ಲಿ ಪತ್ತೆಯೇ ಆಗಲಿಲ್ಲ. ಆ ಕಾಗದ ಗಾಣದ ಗೋಡೆಗೆ ಹಾಕಿದ್ದೇನೆ, ಬಸವಣ್ಣನ ಫೋಟೋದ ಪಕ್ಕ.

ದುಡ್ಡಿನ ಲೆಕ್ಕ ಕೇಳುವಿರಿ ಅಂತ ಗೊತ್ತು. ದಿನಕ್ಕೆ ನಾಲ್ಕು ಕಡಾಯಿ, ಒಂದಕ್ಕೆ ಒಂದೂವರೆ ಟನ್‌ಗಿಂತ ಸ್ವಲ್ಪ ಮೇಲೆ ಕಬ್ಬು, ಸುಮಾರು ನೂರಾ ಎಂಬತ್ತು ಕಿಲೋ ಬೆಲ್ಲ. ನವೆಂಬರ್ ನಡುವಿನಿಂದ ಮಾರ್ಚ್ ಕೊನೆಯವರೆಗೆ ನಡೆಸುತ್ತೇನೆ, ಮಧ್ಯದಲ್ಲಿ ಆಳಿಲ್ಲದೆ, ಕರೆಂಟ್ ಇಲ್ಲದೆ ಹೋದ ದಿನ ಬಿಟ್ಟರೆ ನೂರು ದಿನ ಅಂದುಕೊಳ್ಳಿ. ಹರಾಜಿನಲ್ಲಿ ಕಿಲೋಗೆ ನಲವತ್ತು ರೂಪಾಯಿ ಇದ್ದರೆ ನನ್ನದು ಐವತ್ತೈದು, ಅರವತ್ತು. ಕಬ್ಬು, ಆಳು, ಪೆಟ್ಟಿಗೆ, ಸಾಗಾಣಿಕೆ ಎಲ್ಲ ಕಳೆದು ಒಳ್ಳೆಯ ವರ್ಷ ಆರೇಳು ಲಕ್ಷ ಕೈಗೆ ಉಳಿಯುತ್ತದೆ. ಬಿಲ್ವಾರ 2013ರಲ್ಲೇ ಬಿಡಿಸಿದೆ.

ಎಲ್ಲಾ ವರ್ಷ ಒಳ್ಳೆಯವಲ್ಲ. 2019ರ ಆಗಸ್ಟ್‌ನಲ್ಲಿ ಘಟಪ್ರಭಾ ಉಕ್ಕಿ ಬಂದಾಗ ನಮ್ಮ ಕೆಳಗಿನ ನಾಲ್ಕು ಎಕರೆ ಕಬ್ಬು ಎಂಟು ದಿನ ನೀರಲ್ಲಿ ನಿಂತಿತು. ಆ ಕಬ್ಬನ್ನು ಹಿಂಡಬಾರದಿತ್ತು. ಹಿಂಡಿದೆ. ಹಾಲಿನಲ್ಲಿ ಸಿಹಿ ಇಲ್ಲ, ಉಪ್ಪುಪ್ಪು, ಬೆಲ್ಲ ಕೂಡಲಿಲ್ಲ. ಸಿಹಿ ಅಳೆಯುವ ಬ್ರಿಕ್ಸ್ ಮೀಟರ್ ಇಟ್ಟುಕೊಂಡೂ ನೋಡದೆ ಆಸೆಯಿಂದ ಹಿಂಡಿದ್ದು ನನ್ನ ತಪ್ಪು. ಎರಡು ಲಕ್ಷ ಹೋಯಿತು. ಈಗ ಹೊಲದಲ್ಲೇ ಕಬ್ಬಿನ ಬುಡ, ನಡು, ತುದಿ ಮೂರು ಕಡೆ ಚುಚ್ಚಿ ನೋಡುತ್ತೇನೆ. ಬ್ರಿಕ್ಸ್ ಇಪ್ಪತ್ತು ಬಾರದಿದ್ದರೆ ಕಟಾವು ಇಲ್ಲ. ತುದಿಯ ಎರಡು ಗಣಿಕೆ ಯಾವಾಗಲೂ ಕಡಿದು ದನಕ್ಕೆ.

ನಡುನಡುವೆ ಬೇರೆ ಆಟಗಳನ್ನೂ ಆಡಿದ್ದೇನೆ. ಬೆಂಡೆ ಬದಲು ಲೋಳೆಸರ ಹಾಕಿ ನೋಡಿದೆ, ಕೊಳೆ ಬಂತು, ಕಹಿಯೂ ಬಂತು. ಶೇಂಗಾ ಅರೆದ ಹಾಲು ಪರವಾಗಿಲ್ಲ, ಆದರೆ ಖರ್ಚು. ಶುಂಠಿ ಏಲಕ್ಕಿ ಹಾಕಿ ಸಣ್ಣ ಚೌಕದ ಬೆಲ್ಲ ಮಾಡಿದೆ, ಚಹಾಕ್ಕೆ ಒಂದೊಂದು ಹಾಕಿಕೊಳ್ಳಲಿ ಅಂತ. ಪುಣೆಯಲ್ಲಿ ಚೆನ್ನಾಗಿ ಹೋಗುತ್ತದೆ, ನಮ್ಮ ಕಡೆ ಯಾರೂ ಕೇಳುವುದಿಲ್ಲ. ಕಾಕವಿ, ಅಂದರೆ ಗಟ್ಟಿಯಾಗದ ನೀರು ಬೆಲ್ಲ, 105, 106 ಡಿಗ್ರಿಗೆ ಇಳಿಸಿ ಬಾಟಲಿ ತುಂಬಿದೆ. ಮೊದಲ ವರ್ಷ ಎಲ್ಲಾ ಬಾಟಲಿಯಲ್ಲಿ ಸಕ್ಕರೆ ಹರಳು ಕಟ್ಟಿತು. ಇಳಿಸುವ ಮುಂದೆ ಸಿಟ್ರಿಕ್ ಆಸಿಡ್ ಚಿಟಿಕೆ ಲೆಕ್ಕದಲ್ಲಿ ಹಾಕಿದ ಮೇಲೆ ನಿಂತಿತು, ನೂರು ಕಿಲೋಗೆ ನಲವತ್ತು ಗ್ರಾಂ ಸಾಕು. ಮನೆಯಲ್ಲಿ ಈಗ ರೊಟ್ಟಿಗೆ ಹಚ್ಚಿಕೊಂಡು ತಿನ್ನಲು ಮಕ್ಕಳು ಅದನ್ನೇ ಕೇಳುತ್ತಾರೆ.

ಎರಡು ವರ್ಷದ ಹಿಂದೆ ನಮ್ಮ ಬ್ಯಾಚಿನವರು ಬಾಗಲಕೋಟೆಯಲ್ಲಿ ಸೇರಿದ್ದೆವು. ಇಪ್ಪತ್ತಾರು ಜನ ಬಂದಿದ್ದರು. ಹೈಸ್ಕೂಲ್ ಮಾಸ್ತರರು, ಬ್ಯಾಂಕಿನವರು, ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದವರು, ಇಬ್ಬರು ಪೊಲೀಸ್ ಇಲಾಖೆಯವರು. ಕೆಮಿಸ್ಟ್ರಿಯನ್ನು ಕೈಯಾರೆ ಮಾಡುವವನು ನಾನೊಬ್ಬನೇ ಇದ್ದೆ. ಎಲ್ಲರಿಗೂ ಒಂದೊಂದು ಕಿಲೋ ಪೆಂಟಿ ಒಯ್ದಿದ್ದೆ. ನಮ್ಮ ಸರ್ ನಿವೃತ್ತರಾಗಿದ್ದಾರೆ, ಬರಲು ಆಗಲಿಲ್ಲ, ಅವರ ಮನೆಗೆ ಹೋದೆ. ನೇರಳೆ ಬಣ್ಣದ ಕಥೆ ಹೇಳಿದೆ. ಅವರು ಬೆಲ್ಲ ಬಾಯಿಗೆ ಹಾಕಿಕೊಳ್ಳುವ ಮೊದಲು ಕೇಳಿದ್ದು ಒಂದೇ, "ಬರ್ಕೊಂಡೀಯೇನ?" ಬರೆದುಕೊಂಡಿದ್ದೇನೆ. 2007ರಿಂದ ಪ್ರತಿ ಕಡಾಯಿಯ ಲೆಕ್ಕ ಇದೆ, ಕಬ್ಬು ಯಾವ ಹೊಲದ್ದು, ಸುಣ್ಣ ಎಷ್ಟು, ಎಷ್ಟು ಡಿಗ್ರಿಗೆ ಇಳಿಸಿದ್ದು. ಹನ್ನೊಂದು ನೋಟ್‌ಬುಕ್ ಆಗಿವೆ. ಮೊದಲನೆಯದು ನನ್ನ ಕಾಲೇಜಿನ ಜರ್ನಲ್‌ನಲ್ಲಿ ಉಳಿದ ಖಾಲಿ ಹಾಳೆಗಳು.

ಇನ್ನೂ ಆಗದ ಒಂದು ಕೆಲಸ ಇದೆ. ಬೆಲ್ಲದ ಪುಡಿ. ಪಾಕ 120ರ ಮೇಲೆ ಒಯ್ದು, ತಿಕ್ಕಿ ತಿಕ್ಕಿ ಪುಡಿ ಮಾಡುತ್ತೇವೆ. ಮೇ ತನಕ ಮರಳಿನ ಹಾಗೆ ಉದುರುತ್ತದೆ. ಜೂನ್‌ನಲ್ಲಿ ಮೊದಲ ಮಳೆ ಬಿತ್ತು ಅಂದರೆ ಪ್ಯಾಕೆಟ್ ಒಳಗೇ ಗಟ್ಟಿ. ಹೋದ ವರ್ಷ ತಗಡಿನ ಗೂಡು ಕಟ್ಟಿ ಬಿಸಿಲಲ್ಲಿ ಮೂರು ದಿನ ಒಣಗಿಸಿದೆ, ಜುಲೈವರೆಗೆ ತಡೆಯಿತು. ಈ ಸಲ ಮಗಳು ಒಂದು ಲೆಕ್ಕ ಹಾಕಿಕೊಟ್ಟಿದ್ದಾಳೆ, ಅವಳೂ ಈಗ ಬಿ.ಎಸ್ಸಿ ಕೊನೆಯ ವರ್ಷ. ಐದೈದು ಕಿಲೋದ ನಾಲ್ಕು ಚೀಲ ಬೇರೆ ಬೇರೆ ತೇವಕ್ಕೆ ಒಣಗಿಸಿ ಅಟ್ಟದ ಮೇಲೆ ಇಟ್ಟಿದ್ದೇವೆ. ಪಂಚಮಿಗೆ ಬಿಚ್ಚಿ ನೋಡಬೇಕು.